ಮಾತೇ ಕೇಳಿಸ್ತಿಲ್ಲ: ಸೆಂಟರ್ ಸ್ಪೀಕರ್ ಇರೋ, ಇಲ್ಲದ ಹೋಂ ಥಿಯೇಟರ್‌ಗಳ ದೋಷ ಪತ್ತೆ

ಫೈಟ್ ಬಂದರೆ ಕಿಟಕಿ ಗಾಜು ಅದುರುತ್ತೆ. ಮರುನಿಮಿಷ ಅಪ್ಪ-ಮಗನ ಮಾತು ಶುರುವಾದರೆ ತುಟಿ ಅಲ್ಲಾಡೋದು ಕಾಣುತ್ತೆ, ಮಾತು ಕಿವಿಗೆ ಬೀಳಲ್ಲ. ವಾಲ್ಯೂಮ್ ಏರಿಸೋದು, ಇಳಿಸೋದು, ಮತ್ತೆ ಏರಿಸೋದು. ಮನೆಯಲ್ಲಿ 5.1 ಸಿಸ್ಟಂ ಇಟ್ಟವರ ದೊಡ್ಡ ದೂರು ಇದೇ. ಇದರ ಎಳೆ ಹಿಡಿದು ಹೋದರೆ ಬಹುಪಾಲು ಸಲ ಸಿಗೋದು ಸೆಂಟರ್ ಸ್ಪೀಕರ್, ಇಲ್ಲವೇ ಅದು ಇರಬೇಕಾಗಿದ್ದ ಖಾಲಿ ಜಾಗ.

5.1ರಲ್ಲಿ ಮುಂದೆ ಮೂರು ಸ್ಪೀಕರ್ (ಎಡ, ಬಲ, ನಡುವೆ ಸೆಂಟರ್), ಹಿಂದೆ ಅಥವಾ ಪಕ್ಕದಲ್ಲಿ ಎರಡು, ಜೊತೆಗೆ ಬೇಸ್‌ಗೆಂದೇ ಒಂದು ಸಬ್‌ವೂಫರ್. ಸಿನಿಮಾ ಮಿಕ್ಸ್ ಮಾಡೋರು ಮಾತನ್ನ ಹೆಚ್ಚೂಕಮ್ಮಿ ಪೂರ್ತಿಯಾಗಿ ಸೆಂಟರ್ ಚಾನೆಲ್‌ಗೇ ಹಾಕ್ತಾರೆ. ಎಡ-ಬಲಕ್ಕೆ ಸಂಗೀತ, ಗಾಡಿ ಓಡಾಟ, ಮಳೆ ಇತ್ಯಾದಿ ಹೋಗುತ್ತೆ. ಹಾಗಾಗಿ ಸೆಂಟರ್ ಒಂದು ಸತ್ತರೆ ಸಿನಿಮಾದ ಸದ್ದೆಲ್ಲ ಉಳಿದು ಕಥೆ ಮಾತ್ರ ಕಾಣೆಯಾಗುತ್ತೆ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಸೆಂಟರ್ ಸ್ಪೀಕರ್ ಇಲ್ಲದೆ ಸಿನಿಮಾ ನೋಡೋದರಲ್ಲಿ ಏನೂ ತಪ್ಪಿಲ್ಲ. ಅದು ಇಲ್ಲ ಅನ್ನೋದು ಮಷಿನ್‌ಗೆ ಗೊತ್ತಿರಬೇಕು, ಅಷ್ಟೇ. ನಾನು ನೋಡಿರೋ ಇಂಥ ದೂರುಗಳಲ್ಲಿ ಸ್ಪೀಕರ್ ನಿಜವಾಗಿ ಸುಟ್ಟಿದ್ದು ಅಪರೂಪ. ಮಷಿನ್ ಇದೆ ಅಂದುಕೊಂಡು ಇಲ್ಲದ ಸ್ಪೀಕರ್‌ಗೆ ಮಾತು ಕಳಿಸ್ತಾ ಕೂತಿರೋದು, ಇಲ್ಲವೇ ಸ್ಪೀಕರ್ ಇದ್ದೂ ಅದಕ್ಕೆ ಏನೂ ಬಾರದಿರೋದು, ಇವೆರಡೇ ಹೆಚ್ಚು. ರಿಪೇರಿ ಅಂಗಡಿಗೆ ಆಟೋ ಹತ್ತಿಸೋ ಮೊದಲು ಕೆಳಗಿನದನ್ನ ಮಾಡಿ ನೋಡಿ.

ಟೆಸ್ಟ್ ಟೋನ್ ಹಾಕಿ

ಎಲ್ಲಕ್ಕೂ ಮೊದಲು ಇದು. ಎವಿ ರಿಸೀವರ್ (ಎಲ್ಲ ಸ್ಪೀಕರ್‌ಗಳನ್ನ ನಡೆಸೋ ಆಂಪ್ಲಿಫೈಯರ್ ಡಬ್ಬಿ) ಆಗಲಿ, ಸ್ಪೀಕರ್ ಸಮೇತ ಒಂದೇ ಡಬ್ಬಿಯಲ್ಲಿ ಬಂದ ಹೋಂ ಥಿಯೇಟರ್ ಸೆಟ್ ಆಗಲಿ, ಹೆಚ್ಚಿನವುಗಳ ಸ್ಪೀಕರ್ ಸೆಟಪ್ ಮೆನುವಿನಲ್ಲಿ ಟೆಸ್ಟ್ ಟೋನ್ ಅಂತ ಇರುತ್ತೆ. ಒತ್ತಿದರೆ "ಶ್‌ಶ್‌ಶ್" ಅನ್ನೋ ಸದ್ದು ಎಡ ಸ್ಪೀಕರ್‌ನಿಂದ ಶುರುವಾಗಿ ಸೆಂಟರ್, ಬಲ, ಹಿಂದಿನವು ಅಂತ ಒಂದು ಸುತ್ತು ಹೊಡೆಯುತ್ತೆ. ಈ ಸದ್ದು ಮಷಿನ್ ಒಳಗೇ ಹುಟ್ಟೋದು. ಟಿವಿ, ಸೆಟ್‌ಟಾಪ್ ಬಾಕ್ಸ್, ಎಚ್‌ಡಿಎಂಐ ಕೇಬಲ್ ಯಾವುದಕ್ಕೂ ಇದರಲ್ಲಿ ಪಾಲಿಲ್ಲ.

ಸೆಂಟರ್‌ನಿಂದ ಟೋನ್ ಬಂತು ಅಂದರೆ ಆಂಪ್ಲಿಫೈಯರ್, ವೈರ್, ಸ್ಪೀಕರ್ ಮೂರೂ ಬದುಕಿವೆ. ತೊಂದರೆ ಒಳಬರ್ತಿರೋ ಸಿಗ್ನಲ್‌ನಲ್ಲಿದೆ. ಟೋನ್ ಸೆಂಟರ್ ಸರದಿಯನ್ನೇ ಹಾರಿಸಿ ಎಡದಿಂದ ನೇರ ಬಲಕ್ಕೆ ಹೋಯ್ತು ಅಂದರೆ ಮೆನುವಿನಲ್ಲಿ ಸೆಂಟರ್ ಇಲ್ಲ ಅಂತ ಬರೆದಿದೆ; ಸ್ಪೀಕರ್ ಇದ್ದರೆ ಅಲ್ಲಿ ಇದೆ ಅಂತ ಬದಲಿಸಿ. ಸರದಿ ಬಂದು, ಡಿಸ್‌ಪ್ಲೇ ಮೇಲೆ ಸೆಂಟರ್ ಅಂತ ತೋರಿಸಿ, ಸದ್ದು ಮಾತ್ರ ಬರಲಿಲ್ಲ ಅಂದರೆ ಆಗ ವೈರ್, ಸ್ಪೀಕರ್, ಆಂಪ್ಲಿಫೈಯರ್ ಕಡೆ ನೋಡಬೇಕು. ಮೂರು ಉತ್ತರ, ಮೂರು ದಾರಿ.

ಟೋನ್ ಬರುತ್ತೆ, ಸಿನಿಮಾದಲ್ಲಿ ಮಾತ್ರ ಸೆಂಟರ್ ಮೌನ

ರಿಮೋಟ್‌ನಲ್ಲಿ ಇನ್ಫೊ ಅಥವಾ ಡಿಸ್‌ಪ್ಲೇ ಬಟನ್ ಒತ್ತಿ, ಒಳಗೆ ಏನು ಬರ್ತಿದೆ ನೋಡಿ. ಡಾಲ್ಬಿ ಡಿಜಿಟಲ್ 5.1, ಡಿಟಿಎಸ್ ಅಂತೇನಾದರೂ ಇದ್ದರೆ ಸರಿ. ಪಿಸಿಎಂ 2.0 (ಕುಗ್ಗಿಸದ ಎರಡು ಚಾನೆಲ್ ಡಿಜಿಟಲ್ ಸದ್ದು) ಅಥವಾ ಬರೀ ಸ್ಟೀರಿಯೋ ಅಂತಿದ್ದರೆ ಸೆಂಟರ್‌ಗೆ ಅಂತ ಪ್ರತ್ಯೇಕ ಸಿಗ್ನಲ್ಲೇ ಬರ್ತಿಲ್ಲ. ಮಾತು ಎಡ-ಬಲ ಎರಡರಲ್ಲೂ ಸಮನಾಗಿ ಬೆರೆತು ಬರ್ತಿದೆ. ಆಗ ಮಷಿನ್ ಸ್ಟೀರಿಯೋ ಮೋಡ್‌ನಲ್ಲೋ ಡೈರೆಕ್ಟ್ ಮೋಡ್‌ನಲ್ಲೋ ಇದ್ದರೆ ಸೆಂಟರ್ ಸುಮ್ಮನಿರೋದೇ ಅದರ ಧರ್ಮ. ಸೌಂಡ್ ಮೋಡ್ ಬಟನ್ ಒತ್ತಿ ಡಾಲ್ಬಿ ಪ್ರೊ ಲಾಜಿಕ್ 2, ಡಾಲ್ಬಿ ಸರೌಂಡ್, ಡಿಟಿಎಸ್ ನ್ಯೂರಲ್ ಎಕ್ಸ್ ಇವುಗಳಲ್ಲಿ ಯಾವುದಿದೆಯೋ ಅದಕ್ಕೆ ಬದಲಿಸಿ. ಎರಡೂ ಕಡೆ ಸಮನಾಗಿರೋದನ್ನ ಹೆಕ್ಕಿ ಸೆಂಟರ್‌ಗೆ ಕೊಡೋದೇ ಈ ಮೋಡ್‌ಗಳ ಕೆಲಸ. ಕೇಬಲ್, ಡಿಟಿಎಚ್‌ನಲ್ಲಿ ಸೀರಿಯಲ್, ನ್ಯೂಸ್ ನೋಡುವಾಗ ಸೆಂಟರ್ ಸತ್ತಂತಿದ್ದು ಓಟಿಟಿ ಸಿನಿಮಾದಲ್ಲಿ ಜೀವ ಬರ್ತಿದ್ದರೆ ಕಾರಣ ಇದೇ, ಬೇರೆ ಹುಡುಕಬೇಡಿ.

ಓಟಿಟಿಯಲ್ಲೂ ಸ್ಟೀರಿಯೋನೇ ಬರ್ತಿದ್ದರೆ ಟಿವಿಯ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ. ಡಿಜಿಟಲ್ ಸೌಂಡ್ ಔಟ್‌ಪುಟ್ ಅನ್ನೋ ಕಡೆ ಪಿಸಿಎಂ ಅಂತಿದ್ದರೆ ಎಆರ್‌ಸಿ (ಟಿವಿಯ ಸದ್ದನ್ನ ಎಚ್‌ಡಿಎಂಐ ಕೇಬಲ್‌ನಲ್ಲೇ ಮಷಿನ್‌ಗೆ ಕಳಿಸೋ ದಾರಿ) ಮತ್ತು ಆಪ್ಟಿಕಲ್ ಎರಡರಲ್ಲೂ ಎರಡೇ ಚಾನೆಲ್ ಹೊರಬರುತ್ತೆ. ಆಟೋ, ಬಿಟ್‌ಸ್ಟ್ರೀಮ್ ಅಥವಾ ಪಾಸ್ ಥ್ರೂ ಮಾಡಿ. ಮಾಮೂಲಿ ಎಆರ್‌ಸಿ ಹಾಗೂ ಆಪ್ಟಿಕಲ್‌ನಲ್ಲಿ 5.1 ಬರಬೇಕಾದರೆ ಅದು ಡಾಲ್ಬಿ ಡಿಜಿಟಲ್‌ನಂಥ ಕುಗ್ಗಿಸಿದ ರೂಪದಲ್ಲೇ ಬರಬೇಕು, ಬಿಚ್ಚಿದ ಆರು ಚಾನೆಲ್ ಪಿಸಿಎಂ ಅಲ್ಲಿ ಹಿಡಿಸಲ್ಲ. ಅದಕ್ಕೆ ಎಆರ್‌ಸಿಯ ಸುಧಾರಿತ ರೂಪವಾದ ಇಎಆರ್‌ಸಿ ಬೇಕು. ಕೆಲವು ಹಳೇ ಟಿವಿಗಳು ತಮ್ಮೊಳಗಿನ ಆ್ಯಪ್‌ನ 5.1 ಕೊಡುತ್ತವೆ, ಆದರೆ ಎಚ್‌ಡಿಎಂಐಗೆ ಸಿಕ್ಕಿಸಿದ ಬಾಕ್ಸಿನ ಸದ್ದನ್ನ ಸ್ಟೀರಿಯೋ ಮಾಡಿಯೇ ಹೊರಗೆ ಬಿಡುತ್ತವೆ. ಅಂಥ ಟಿವಿ ಇದ್ದರೆ ಬಾಕ್ಸನ್ನ ನೇರ ರಿಸೀವರ್‌ಗೆ ಸಿಕ್ಕಿಸಿ. ಆ್ಯಪ್ ಒಳಗಿನ ಆಡಿಯೋ ಪಟ್ಟಿಯನ್ನೂ ಒಮ್ಮೆ ನೋಡಿ. ಒಂದೇ ಸಿನಿಮಾದ ಒಂದು ಭಾಷೆಗೆ 5.1 ಇದ್ದು ಇನ್ನೊಂದಕ್ಕೆ ಸ್ಟೀರಿಯೋ ಮಾತ್ರ ಇರೋದುಂಟು. ಬ್ಲೂಟೂತ್‌ನಲ್ಲಿ ಹಾಕಿ 5.1 ನಿರೀಕ್ಷಿಸಬೇಡಿ. ಅಲ್ಲಿ ಮಾಮೂಲಾಗಿ ಬರೋದು ಎರಡೇ ಚಾನೆಲ್.

ಚಾನೆಲ್‌ಗೊಂದರಂತೆ ಆರು ಆರ್‌ಸಿಎ ಪಿನ್ (ಬಣ್ಣದ ದುಂಡನೆಯ ಆಡಿಯೋ ಪಿನ್) ಇರೋ ಹಳೇ ಸೆಟ್‌ಗಳಲ್ಲಿ ಕೆಂಪು-ಬಿಳಿ ಎರಡನ್ನೇ ಸಿಕ್ಕಿಸಿ, 5.1 ಇನ್‌ಪುಟ್ ಆಯ್ದುಕೊಂಡು, ಸೆಂಟರ್ ಬರಲ್ಲ ಅನ್ನೋರಿದ್ದಾರೆ. ಆರು ಪಿನ್‌ಗೂ ಸಿಗ್ನಲ್ ಕೊಡಬೇಕು, ಇಲ್ಲವೇ ಎರಡೇ ಚಾನೆಲ್‌ನ ಆಕ್ಸ್ ಇನ್‌ಪುಟ್‌ಗೆ ಬರಬೇಕು. ರೂಢಿಯ ಬಣ್ಣಗಳಲ್ಲಿ ಬಿಳಿ ಎಡ, ಕೆಂಪು ಬಲ, ಹಸಿರು ಸೆಂಟರ್, ನೀಲಿ-ಬೂದು ಹಿಂದಿನವು, ನೇರಳೆ ಸಬ್‌ವೂಫರ್. ಕಂಪ್ಯೂಟರಿನ ಸೌಂಡ್ ಕಾರ್ಡ್‌ನಲ್ಲಿ ಲೆಕ್ಕ ಬೇರೆ: ಹಸಿರು ಮುಂದಿನ ಜೋಡಿ, ಕಪ್ಪು ಹಿಂದಿನ ಜೋಡಿ, ಕಿತ್ತಳೆ ಬಣ್ಣದ ಒಂದೇ ಜ್ಯಾಕ್‌ನಲ್ಲಿ ಸೆಂಟರ್ ಮತ್ತು ಸಬ್‌ವೂಫರ್ ಎರಡೂ. ಕೆಲವು ಸ್ಪೀಕರ್ ಸೆಟ್‌ಗಳಲ್ಲಿ ಈ ಎರಡರ ತಂತಿ ಅದಲುಬದಲಾಗಿ ಬರುತ್ತೆ. ಆಗ ಮಾತು ಸಬ್‌ವೂಫರ್ ಹೊಟ್ಟೆಯಿಂದ ಗೊಣಗಿದಂತೆ ಕೇಳಿಸುತ್ತೆ, ಸೆಂಟರ್‌ನಿಂದ ಆಗೊಮ್ಮೆ ಈಗೊಮ್ಮೆ ಒಂದು "ದಬ್". ರಿಯಲ್‌ಟೆಕ್ ಡ್ರೈವರ್‌ನ ಆಡಿಯೋ ಮ್ಯಾನೇಜರ್‌ನಲ್ಲಿ ಸೆಂಟರ್-ಸಬ್ ಅದಲುಬದಲಿಸೋ ಆಯ್ಕೆ ಇಟ್ಟಿರೋದೇ ಇದಕ್ಕೆ.

ಟೋನೇ ಬರ್ತಿಲ್ಲ ಅಂದಾಗ

ಪವರ್ ಆಫ್ ಮಾಡಿ, ಪ್ಲಗ್ ಕೀಳಿ. ಸೆಂಟರ್ ಸ್ಪೀಕರ್‌ನ ವೈರನ್ನ ಮಷಿನ್ ಹಿಂದಿನ ಎಡ ಟರ್ಮಿನಲ್‌ಗೆ, ಎಡ ಸ್ಪೀಕರ್ ವೈರನ್ನ ಸೆಂಟರ್ ಟರ್ಮಿನಲ್‌ಗೆ ಹಾಕಿ ಮತ್ತೆ ಟೋನ್ ಓಡಿಸಿ. ಎಡದ ಸರದಿಯಲ್ಲಿ ಸೆಂಟರ್ ಸ್ಪೀಕರ್ ಮಾತಾಡಿತಾ? ಹಾಗಾದರೆ ಸ್ಪೀಕರ್, ವೈರ್ ಚೆನ್ನಾಗಿವೆ, ಮಷಿನ್‌ನ ಸೆಂಟರ್ ಚಾನೆಲ್ ಹೋಗಿದೆ. ಈಗಲೂ ಅದು ಮೂಕವೇ ಆಗಿದ್ದರೆ ವೈರ್ ಅಥವಾ ಸ್ಪೀಕರ್. ಡಬ್ಬಿ ಸೆಟ್‌ಗಳಲ್ಲಿ ಪ್ರತಿ ಸ್ಪೀಕರ್‌ಗೂ ಬಣ್ಣದ ಪ್ಲಗ್ ಇದ್ದು ಬೇರೆ ಸಾಕೆಟ್‌ಗೆ ಕೂರದಂತೆ ಮಾಡಿರಬಹುದು. ಆಗ ಸ್ಪೀಕರ್ ಕಡೆಯ ತುದಿಯಲ್ಲಿ ವೈರ್ ಬದಲಿಸಿ ಇದೇ ಪರೀಕ್ಷೆ ಮಾಡಿ.

ವೈರ್ ಮೇಲೆ ಅನುಮಾನ ಬಂದರೆ ಮೊದಲು ಸ್ಪ್ರಿಂಗ್ ಕ್ಲಿಪ್ಪನ್ನೇ ಹತ್ತಿರದಿಂದ, ಮೊಬೈಲ್ ಟಾರ್ಚ್ ಹಾಕಿ ನೋಡಿ. ಎರಡು ಬಗೆಯ ತಪ್ಪು ಅಲ್ಲೇ ಕಾಣುತ್ತೆ. ಒಂದು, ವೈರಿನ ಪ್ಲಾಸ್ಟಿಕ್ ಸಮೇತ ಒಳಗೆ ಹೋಗಿ ಕ್ಲಿಪ್ ತಾಮ್ರದ ಬದಲು ಪ್ಲಾಸ್ಟಿಕ್ಕನ್ನ ಕಚ್ಚಿಕೊಂಡಿರೋದು. ಎಳೆದರೆ ಗಟ್ಟಿಯಾಗಿರುತ್ತೆ, ಕರೆಂಟ್ ಮಾತ್ರ ಹರಿಯಲ್ಲ. ಇನ್ನೊಂದು, ಹೊಸೆಯದೆ ಹಾಕಿದ ವೈರಿನಿಂದ ಕೂದಲಿನಷ್ಟು ತೆಳ್ಳಗಿನ ಒಂದು ಎಳೆ ತಪ್ಪಿಸಿಕೊಂಡು ಪ್ಲಸ್‌ನಿಂದ ಮೈನಸ್ ಕ್ಲಿಪ್ಪಿಗೆ ತಾಗಿರೋದು. ಅದೊಂದೇ ಎಳೆ ಸಾಕು, ವಾಲ್ಯೂಮ್ ಏರಿಸಿದ ಕೂಡಲೇ ಮಷಿನ್ "ಪ್ರೊಟೆಕ್ಟ್" ಅಂತ ತೋರಿಸಿ ಆಫ್ ಆಗಕ್ಕೆ. ತುದಿ ಕತ್ತರಿಸಿ, ಒಂದು ಸೆಂಟಿಮೀಟರ್‌ನಷ್ಟು ಸುಲಿದು, ಬಿಗಿಯಾಗಿ ಹೊಸೆದು ಹಾಕಿ. ಕರಾವಳಿ ಕಡೆಯವರಾದರೆ ತುದಿ ಹಸಿರು-ಬೂದು ಬಣ್ಣಕ್ಕೆ ತಿರುಗಿದೆಯಾ ನೋಡಿ. ಉಪ್ಪುಗಾಳಿಗೆ ಅಗ್ಗದ ತಾಮ್ರಲೇಪಿತ ಅಲ್ಯೂಮಿನಿಯಂ ವೈರ್ ಬೇಗ ಕೆಡುತ್ತೆ. ಟಿವಿ ಸ್ಟ್ಯಾಂಡ್ ಹಿಂದೆ ಇಲಿ ಓಡಾಟ ಇರೋ ಮನೆಗಳಲ್ಲಿ ವೈರಿನ ಉದ್ದಕ್ಕೂ ಬೆರಳಾಡಿಸಿ ನೋಡಬೇಕಾಗುತ್ತೆ.

ಮಲ್ಟಿಮೀಟರ್ ಇದ್ದರೆ ಓಮ್ಸ್‌ಗೆ ತಿರುಗಿಸಿ, ಮಷಿನ್‌ನಿಂದ ಬಿಚ್ಚಿದ ವೈರಿನ ತುದಿಗಳಿಗೆ ಹಿಡಿಯಿರಿ. 8 ಓಮ್ ಸ್ಪೀಕರ್ ಸಾಮಾನ್ಯವಾಗಿ 6-7 ತೋರಿಸುತ್ತೆ, 4 ಓಮ್‌ನದು 3-3.5. ಸ್ಪೀಕರ್ ಮೇಲೆ ಬರೆದಿರೋ ಅಂಕಿಗಿಂತ ಸ್ವಲ್ಪ ಕಮ್ಮಿ ಬಂದರೆ ಗಾಬರಿ ಬೇಡ, ಮೀಟರ್ ಅಳೆಯೋದು ಸ್ಪೀಕರ್ ಒಳಗಿನ ಕಾಯಿಲ್‌ನ (ತಂತಿ ಸುರುಳಿಯ) ಡಿಸಿ ರೆಸಿಸ್ಟೆನ್ಸ್ ಮಾತ್ರ. ಏನೂ ತೋರಿಸದಿದ್ದರೆ ವೈರ್ ತುಂಡಾಗಿದೆ ಅಥವಾ ಕಾಯಿಲ್ ಸುಟ್ಟಿದೆ. ಸೊನ್ನೆ ಹತ್ತಿರ ಬಂದರೆ ಎಲ್ಲೋ ಶಾರ್ಟ್, ಅದನ್ನ ಸರಿಪಡಿಸದೆ ಮಷಿನ್ ಆನ್ ಮಾಡಬೇಡಿ. ಮೀಟರ್ ಇಲ್ಲದಿದ್ದರೆ 1.5 ವೋಲ್ಟ್ ಪೆನ್ಸಿಲ್ ಸೆಲ್ ಸಾಕು. ಬಿಚ್ಚಿದ ವೈರಿನ ಎರಡು ತುದಿಗಳನ್ನ ಸೆಲ್‌ನ ಎರಡು ಕಡೆಗೆ ಕ್ಷಣಮಾತ್ರ ತಾಗಿಸಿ. "ಟಕ್" ಅಂದರೆ ಸ್ಪೀಕರ್ ಬದುಕಿದೆ. ಸೆಲ್‌ನ ಪ್ಲಸ್ ಸ್ಪೀಕರ್‌ನ ಪ್ಲಸ್‌ಗೆ ತಾಗಿದಾಗ ಕೋನ್ (ಸ್ಪೀಕರ್‌ನ ಅದುರೋ ಭಾಗ) ಮುಂದಕ್ಕೆ ಬರಬೇಕು, ಹಿಂದೆ ಹೋದರೆ ಎಲ್ಲೋ ವೈರ್ ತಿರುವುಮುರುವು. ಈ ಗುಟ್ಟು ಮುಂದೆ ಮತ್ತೆ ಬೇಕಾಗುತ್ತೆ.

ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಿಂದ ಬೋರ್ಡ್ ತಂದು ಕಟ್ಟಿದ 5.1 ಆಂಪ್ಲಿಫೈಯರ್‌ಗಳ ಕಥೆ ಸ್ವಲ್ಪ ಬೇರೆ. ಇವುಗಳ "ಪ್ರೊಲಾಜಿಕ್" ಬೋರ್ಡ್‌ಗಳಲ್ಲಿ ಎಷ್ಟೋ ಕಡೆ ಡಿಕೋಡರ್ ಅಂತ ಏನೂ ಇರಲ್ಲ. 4558ನಂಥ ಆಪ್-ಆಂಪ್ ಐಸಿ (ಸಿಗ್ನಲ್ ಕೂಡಿಸಿ-ಕಳೆಯೋ ಚಿಪ್) ಎಡ-ಬಲವನ್ನ ಕೂಡಿ ಸೆಂಟರ್ ಮಾಡುತ್ತೆ, ಒಂದರಿಂದ ಇನ್ನೊಂದನ್ನ ಕಳೆದು ಸರೌಂಡ್ ಮಾಡುತ್ತೆ. ಸೆಂಟರ್ ಕರಕರ ಅಂದು ಬಂದು ಬಂದು ಹೋಗ್ತಿದ್ದರೆ ಸೆಂಟರ್ ವಾಲ್ಯೂಮ್ ಪಾಟ್ (ತಿರುಗಿಸೋ ಗುಂಡಿ) ಮೇಲೆ ಮೊದಲ ಅನುಮಾನ. ಪೂರ್ತಿ ಮೌನವಾದರೆ ಆ ಚಾನೆಲ್‌ನ ಟಿಡಿಎ 2030 ಥರದ ಔಟ್‌ಪುಟ್ ಐಸಿ. ಸ್ಪೀಕರ್ ಬಿಚ್ಚಿಟ್ಟು, ಸೆಂಟರ್‌ನ ಎರಡು ಟರ್ಮಿನಲ್ ನಡುವೆ ಡಿಸಿ ವೋಲ್ಟ್ ಅಳೆಯಿರಿ. ಕೆಲವು ಹತ್ತು ಮಿಲಿವೋಲ್ಟ್ ಒಳಗಿದ್ದರೆ ಸರಿ. ಐದೋ ಹತ್ತೋ ವೋಲ್ಟ್ ಬಂದರೆ ಐಸಿ ಶಾರ್ಟ್ ಆಗಿದೆ, ಅಲ್ಲಿಗೆ ಹೊಸ ಸ್ಪೀಕರ್ ಹಾಕಿದರೆ ಅದನ್ನೂ ಸುಡುತ್ತೆ. ಸ್ಪೀಕರ್ ಮಾತ್ರ ಬದಲಿಸಿ ಮತ್ತೆ ಮತ್ತೆ ಸುಟ್ಟುಕೊಳ್ಳೋರು ಈ ಒಂದು ಅಳತೆ ತೆಗೆದುಕೊಂಡಿರಲ್ಲ.

ಸೆಂಟರ್ ತೆಗೆದಿಟ್ಟವರಿಗೆ

ಹೊಸ 55 ಇಂಚಿನ ಟಿವಿ ಬಂತು, ಅದರ ಕಾಲುಗಳ ನಡುವೆ ಸೆಂಟರ್‌ಗೆ ಜಾಗ ಇಲ್ಲ, ಎತ್ತಿ ಅಟ್ಟಕ್ಕೆ ಹಾಕಿದರು. ಅಂದಿನಿಂದ ಮಾತು ಇಲ್ಲ. ಇದು ತುಂಬಾ ಮನೆಗಳ ಕಥೆ. ವೈರ್ ಕಿತ್ತ ಮಾತ್ರಕ್ಕೆ ಮಷಿನ್‌ಗೆ ಗೊತ್ತಾಗಲ್ಲ. ಹಿಂದೊಮ್ಮೆ ಮೈಕ್ ಇಟ್ಟು ಆಟೋ ಕ್ಯಾಲಿಬ್ರೇಷನ್ (ಮಷಿನ್ ತಾನೇ ಸ್ಪೀಕರ್‌ಗಳನ್ನ ಅಳೆದು ಹೊಂದಿಸಿಕೊಳ್ಳೋದು) ಮಾಡಿದ್ದರೆ ಸೆಂಟರ್ ಇದೆ ಅನ್ನೋದು ಅದರ ನೆನಪಲ್ಲಿ ಉಳಿದಿರುತ್ತೆ, ಅದು ನಿಷ್ಠೆಯಿಂದ ಆ ಖಾಲಿ ಟರ್ಮಿನಲ್‌ಗೇ ಮಾತು ಕಳಿಸ್ತಿರುತ್ತೆ.

ಸ್ಪೀಕರ್ ಸೆಟಪ್‌ನಲ್ಲಿ ಮ್ಯಾನುಯಲ್‌ಗೆ ಹೋಗಿ, ಸೆಂಟರ್ ಎದುರು ಲಾರ್ಜ್, ಸ್ಮಾಲ್ ಅಂತಿರೋದನ್ನ "ನನ್" (None) ಅಥವಾ "ನೋ" (No) ಮಾಡಿ. ಡೆನನ್, ಯಮಹಾ, ಆಂಕ್ಯೊ ಎಲ್ಲದರಲ್ಲೂ ಈ ಆಯ್ಕೆ ಇದೆ. ಸೋನಿ ರಿಸೀವರ್‌ಗಳಲ್ಲಿ ಸ್ಪೀಕರ್ ಪ್ಯಾಟರ್ನ್ ಅನ್ನೋ ಹೆಸರಲ್ಲಿ, ಸೆಂಟರ್ ಇಲ್ಲದ ಜೋಡಣೆಯನ್ನ ಆರಿಸಬೇಕು. ಇಷ್ಟಾದ ಮೇಲೆ ಮಷಿನ್ ಸೆಂಟರ್ ಸಿಗ್ನಲ್ಲನ್ನ 3 ಡೆಸಿಬೆಲ್ ಇಳಿಸಿ ಎಡಕ್ಕೂ ಬಲಕ್ಕೂ ಹಂಚುತ್ತೆ. 3 ಡೆಸಿಬೆಲ್ ಅಂದರೆ ಶಕ್ತಿಯಲ್ಲಿ ಅರ್ಧ. ಎರಡು ಅರ್ಧ ಕೂಡಿ ಮೊದಲಿನಷ್ಟೇ ಆಯ್ತು. ಎರಡು ಸ್ಪೀಕರ್‌ನಿಂದ ಒಂದೇ ಮಾತು ಒಂದೇ ಕ್ಷಣಕ್ಕೆ ಕಿವಿ ತಲುಪಿದಾಗ ಅದು ನಡುವಿನಿಂದ, ಟಿವಿಯಿಂದಲೇ ಬಂದಂತೆ ಅನಿಸುತ್ತೆ. ಇದಕ್ಕೆ ಫ್ಯಾಂಟಮ್ ಸೆಂಟರ್ ಅಂತಾರೆ. ಯಾವ ಮಾತೂ ಕಳೆದುಹೋಗಲ್ಲ.

ಅಗ್ಗದ ಸೆಟ್‌ಗಳಲ್ಲಿ ಈ ಮೆನುವೇ ಇರಲ್ಲ. ಅಲ್ಲಿ ಉಪಾಯ ಹಿಂದಿನ ವಿಭಾಗದ ಪೂರ್ತಿ ಉಲ್ಟಾ: ಟಿವಿಯ ಡಿಜಿಟಲ್ ಔಟ್‌ಪುಟ್ಟನ್ನ ಪಿಸಿಎಂ ಮಾಡಿ. ಆಗ ಸೆಂಟರ್ ಅನ್ನು ಎಡ-ಬಲಕ್ಕೆ ಬೆರೆಸೋ ಕೆಲಸವನ್ನ ಟಿವಿಯೇ ಮುಗಿಸಿ ಕಳಿಸುತ್ತೆ. ಮಷಿನ್ ಕಡೆ ಸ್ಟೀರಿಯೋ ಮೋಡ್‌ನಲ್ಲೇ ಇರಿ, ಪ್ರೊ ಲಾಜಿಕ್ ಹಾಕಿದರೆ ಬೆರೆತ ಮಾತನ್ನ ಮತ್ತೆ ಹೆಕ್ಕಿ ಇಲ್ಲದ ಸೆಂಟರ್‌ಗೆ ಕೊಟ್ಟುಬಿಡುತ್ತೆ. ಹಿಂದಿನ ಸ್ಪೀಕರ್‌ಗಳು ಸುಮ್ಮನಾಗುತ್ತವೆ ನಿಜ. ಮಾತು ಬೇಕೋ ಹಿಂದಿನ ಸದ್ದು ಬೇಕೋ ಅಂತ ಆರಿಸೋದಾದರೆ ನಾನಂತೂ ಮಾತನ್ನೇ ಆರಿಸ್ತೀನಿ.

ಕಂಪ್ಯೂಟರ್‌ನಲ್ಲಿ ನೋಡೋರಿಗೆ ಇಷ್ಟು ತ್ಯಾಗವೂ ಬೇಡ. ವಿಂಡೋಸ್‌ನ ಹಳೇ ಸೌಂಡ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸ್ಪೀಕರ್ ಆಯ್ದು ಕಾನ್ಫಿಗರ್ ಒತ್ತಿ, 5.1 ಆರಿಸಿ ಮುಂದೆ ಹೋದರೆ ಯಾವ ಸ್ಪೀಕರ್ ಇದೆ, ಯಾವುದಿಲ್ಲ ಅಂತ ಕೇಳೋ ಪುಟ ಬರುತ್ತೆ. ಸೆಂಟರ್ ಮುಂದಿನ ಟಿಕ್ ತೆಗೆಯಿರಿ. ಕೋಡಿ (ಸಿನಿಮಾ ಪ್ಲೇಯರ್ ಸಾಫ್ಟ್‌ವೇರ್) ಬಳಸೋರು ಆಡಿಯೋ ಸೆಟ್ಟಿಂಗ್‌ನಲ್ಲಿ ಚಾನೆಲ್ ಸಂಖ್ಯೆಯನ್ನ 5.1 ಬದಲು 4.1 ಮಾಡಿದರಾಯ್ತು; ಪಾಸ್ ಥ್ರೂ ಆನ್ ಇದ್ದರೆ ಮಾತ್ರ ಇದು ನಡೆಯಲ್ಲ, ಅದನ್ನ ಆಫ್ ಮಾಡಬೇಕು.

ಮಾಡಬಾರದ ಕೆಲಸ ಒಂದಿದೆ. ಸೆಂಟರ್ ಟರ್ಮಿನಲ್‌ನಿಂದ ಎರಡು ವೈರ್ ಎಳೆದು ಎಡ ಅಥವಾ ಬಲ ಸ್ಪೀಕರ್‌ಗೆ ಜೋಡಿಸಿಬಿಟ್ಟರೆ ಮಾತು ಅಲ್ಲೇ ಬರುತ್ತಲ್ಲ ಅನ್ನೋ ಯೋಚನೆ ಕೆಲವರಿಗೆ ಹೊಳೆಯುತ್ತೆ. ಹಾಗೆ ಮಾಡಿದರೆ ಎರಡು ಆಂಪ್ಲಿಫೈಯರ್‌ಗಳ ಔಟ್‌ಪುಟ್ ಒಂದಕ್ಕೊಂದು ಎದುರಾಗಿ ನಿಲ್ಲುತ್ತೆ, ಐಸಿ ಉಳಿಯಲ್ಲ. ಆರ್‌ಸಿಎ ಔಟ್‌ಪುಟ್‌ಗಳನ್ನ ವೈ ಕೇಬಲ್ ಹಾಕಿ ಕೂಡಿಸೋದೂ ಅದೇ ಜಾತಿಯ ತಪ್ಪು. ಈಗಿನ ಪುಟ್ಟ ಸೆಟ್‌ಗಳ ಕ್ಲಾಸ್-ಡಿ ಆಂಪ್ಲಿಫೈಯರ್‌ಗಳಲ್ಲಿ ಹಲವಕ್ಕೆ ಮೈನಸ್ ಟರ್ಮಿನಲ್ ಕೂಡ ಜೀವಂತ ಔಟ್‌ಪುಟ್ಟೇ ಆಗಿರುತ್ತೆ. ವೈರ್ ಉಳಿಸೋಕೆ ಅಂತ ಮೈನಸ್‌ಗಳನ್ನೆಲ್ಲ ಒಟ್ಟಿಗೆ ಗಂಟು ಹಾಕಬೇಡಿ.

ಸೆಂಟರ್ "ನನ್" ಮಾಡಿದ್ದಾಯ್ತು, ಆದರೂ ಮಾತು ನಡುವೆ ನಿಲ್ತಿಲ್ಲ

ಇಲ್ಲಿ ಮುಖ್ಯ ಆರೋಪಿ ಪೋಲಾರಿಟಿ. ಎಡ-ಬಲ ಎರಡರಲ್ಲಿ ಒಂದಕ್ಕೆ ಪ್ಲಸ್-ಮೈನಸ್ ತಿರುವುಮುರುವಾಗಿದ್ದರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತೆ. ಸೆಂಟರ್ ಇರೋವರೆಗೆ ಈ ತಪ್ಪು ಗಮನಕ್ಕೇ ಬಂದಿರಲ್ಲ, ಯಾಕಂದರೆ ಮಾತು ಅವುಗಳಿಂದ ಬರ್ತಿರಲಿಲ್ಲ. ಸೆಂಟರ್ ತೆಗೆದ ದಿನ ಬಯಲಾಗುತ್ತೆ: ಮಾತು ಎಲ್ಲಿಂದ ಬರ್ತಿದೆ ಗೊತ್ತಾಗಲ್ಲ, ತಲೆಯ ಸುತ್ತ ಹರಡಿಕೊಂಡಂತಿರುತ್ತೆ, ಗಂಡಸರ ದನಿ ತೆಳ್ಳಗಾಗುತ್ತೆ, ಬೇಸ್ ಇರಲ್ಲ. ಒಬ್ಬರೇ ಮಾತಾಡೋ ನ್ಯೂಸ್ ವಾಚನ ಹಾಕಿ, ಎರಡು ಸ್ಪೀಕರ್‌ಗಳ ಸರಿ ನಡುವೆ ಕೂತು ಕೇಳಿ. ಆಫ್ ಮಾಡಿ ಒಂದು ಸ್ಪೀಕರ್‌ನ ವೈರ್ ಮಾತ್ರ ತಿರುಗಿಸಿ ಮತ್ತೆ ಕೇಳಿ. ಯಾವ ಜೋಡಣೆಯಲ್ಲಿ ದನಿ ಟಿವಿ ಮೇಲೆ ಗಟ್ಟಿಯಾಗಿ ಕೂತಿತೋ ಅದು ಸರಿ. ಮೇಲೆ ಹೇಳಿದ ಪೆನ್ಸಿಲ್ ಸೆಲ್ ಇದ್ದರೆ ಎರಡರ ಕೋನ್ ಒಂದೇ ದಿಕ್ಕಿಗೆ ಜಿಗಿಯುತ್ತಾ ಅಂತ ಕಣ್ಣಲ್ಲೇ ನೋಡಬಹುದು.

ಪೋಲಾರಿಟಿ ಸರಿ ಇದ್ದೂ ಮಾತು ಒಂದೇ ಕಡೆಯಿಂದ ಬಂದಂತಿದ್ದರೆ ನೀವು ಕೂತಿರೋ ಜಾಗ ನೋಡಿ. ಸ್ಪೀಕರ್‌ಗಳ ನಡುವೆ 2 ಮೀಟರ್, ನೀವು 2.5 ಮೀಟರ್ ದೂರ ಅಂತಿಟ್ಟುಕೊಳ್ಳಿ. ನಡುವಿನಿಂದ ಅರ್ಧ ಮೀಟರ್ ಬಲಕ್ಕೆ ಸರಿದರೆ ಬಲ ಸ್ಪೀಕರ್ 2.55 ಮೀಟರ್ ದೂರದಲ್ಲಿ, ಎಡದ್ದು 2.92ರಲ್ಲಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, ಹಾಗಾಗಿ ಎಡದ ಮಾತು 1 ಮಿಲಿಸೆಕೆಂಡ್ ತಡವಾಗಿ ಬರುತ್ತೆ. ಅಷ್ಟು ಸಾಕು. ಮೊದಲು ಬಂದ ಕಡೆಗೇ ಕಿವಿ ದನಿಯನ್ನ ಕಟ್ಟಿಹಾಕುತ್ತೆ, ಇಡೀ ಮಾತು ಬಲ ಸ್ಪೀಕರ್‌ನಿಂದಲೇ ಬಂದಂತೆ ಆಗುತ್ತೆ. ಇದು ಕೇಳುವಿಕೆಯ ಸ್ವಭಾವ, ಯಾವ ಸೆಟ್ಟಿಂಗಿನಿಂದಲೂ ಸೋಫಾದಲ್ಲಿ ಕೂತ ಎಲ್ಲರಿಗೂ ಒಟ್ಟಿಗೆ ಸರಿಮಾಡಕ್ಕಾಗಲ್ಲ. ಎಡ-ಬಲ ಸ್ಪೀಕರ್‌ಗಳನ್ನ ಟಿವಿಗೆ ಹತ್ತಿರ ತಂದರೆ ಈ ಜಾರಾಟ ಕಮ್ಮಿಯಾಗುತ್ತೆ. ಇನ್ನೊಂದು ಉಪಾಯ, ಎರಡನ್ನೂ ಒಳಮುಖವಾಗಿ ಜಾಸ್ತಿ ತಿರುಗಿಸಿ, ಅವುಗಳ ನೋಟ ನಿಮ್ಮ ತಲೆಗಿಂತ ಸ್ವಲ್ಪ ಮುಂದೆ ಒಂದನ್ನೊಂದು ದಾಟೋ ಹಾಗೆ ಇಡೋದು. ಆಗ ಬಲಕ್ಕೆ ಕೂತವರಿಗೆ ಎಡ ಸ್ಪೀಕರ್ ನೇರ ಮುಖ ಕೊಡುತ್ತೆ, ಹತ್ತಿರದ್ದು ಓರೆಯಾಗಿ ಕೊಂಚ ಮೆತ್ತಗಾಗುತ್ತೆ, ಒಂದು ಮಟ್ಟಿಗೆ ಸಮತೂಕ ಬರುತ್ತೆ.

ಸರಿ ನಡುವೆ ಕೂತವರಿಗೂ ಒಂದು ಸಣ್ಣ ನಷ್ಟ ಇದ್ದೇ ಇದೆ. ಪ್ರತಿ ಕಿವಿಗೂ ಎರಡು ಸ್ಪೀಕರ್‌ನ ಮಾತು ಕಾಲು ಮಿಲಿಸೆಕೆಂಡ್ ಅಂತರದಲ್ಲಿ ಬಂದು ಬೀಳೋದರಿಂದ 2 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಒಂದು ತಗ್ಗು ಬೀಳುತ್ತೆ. ಮಾತಿನ ಸ್ಪಷ್ಟತೆ ಇರೋದೇ ಆ ಸುತ್ತಮುತ್ತ. ನಿಜವಾದ ಸೆಂಟರ್ ಇದ್ದರೆ ಮಾತು ತುಸು ತಿಳಿಯಾಗಿ ಕೇಳಿಸೋದು ಬರೀ ಭ್ರಮೆಯಲ್ಲ.

ಸೆಂಟರ್ ಸೋತಂತೆ ನಟಿಸೋ ಒಂದು ದೋಷ

ಹಾಡಿನಲ್ಲಿ ಗಾಯಕರು ಮಾಯ, ವಾದ್ಯಗಳು ಮಾತ್ರ ಇವೆ, ಹಾಡು ಕ್ಯಾರೋಕೆ ಆದಂತಿದೆ. ಮಾತಿನ ಪ್ರತಿಧ್ವನಿ ಕೇಳುತ್ತೆ, ಮಾತು ಕೇಳಲ್ಲ. ಮೊಬೈಲ್ ಅಥವಾ ಟಿವಿಯ ಹೆಡ್‌ಫೋನ್ ಜ್ಯಾಕ್‌ನಿಂದ ಆಕ್ಸ್‌ಗೆ ವೈರ್ ಹಾಕಿದ್ದೀರಾ? ಆ 3.5 ಎಂಎಂ ಪಿನ್ನನ್ನ ಇನ್ನೊಂದಿಷ್ಟು ಒತ್ತಿ. ಪಿನ್ ಅರ್ಧ ಕೂತಾಗ ಅಥವಾ ವೈರ್ ಒಳಗೆ ಗ್ರೌಂಡ್ ಎಳೆ ತುಂಡಾದಾಗ ಎಡ ಮತ್ತು ಬಲದ ನಡುವಿನ ವ್ಯತ್ಯಾಸ ಮಾತ್ರ ಮಷಿನ್‌ಗೆ ಹೋಗುತ್ತೆ. ಮಾತು, ಗಾಯಕರ ದನಿ ಎರಡೂ ಕಡೆ ಸಮನಾಗಿರೋದರಿಂದ ಒಂದನ್ನೊಂದು ಹೊಡೆದು ಸೊನ್ನೆಯಾಗುತ್ತೆ. ಇಲ್ಲಿ ಸೆಂಟರ್ ಸೆಟ್ಟಿಂಗ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ, ಹೊಸ ವೈರ್ ಹಾಕಿದರೆ ಮುಗೀತು. ಇದನ್ನ ಸೆಂಟರ್ ಚಾನೆಲ್ ದೋಷ ಅಂತ ಮಷಿನ್ ಬಿಚ್ಚಿಸಿದವರೂ ಇದ್ದಾರೆ.

ಸೆಂಟರ್ ಇದೆ, ಸದ್ದೂ ಇದೆ, ಸ್ಪಷ್ಟ ಇಲ್ಲ

ಸ್ಪೀಕರ್ ಹತ್ತಿರ ಹೋಗಿ ಟ್ವೀಟರ್‌ಗೆ (ಚುರುಕು ಸದ್ದು ಕೊಡೋ ಪುಟ್ಟ ಘಟಕಕ್ಕೆ) ಕಿವಿ ಕೊಡಿ. ವಾಲ್ಯೂಮ್ ಸಣ್ಣಗಿರಲಿ. ಸ, ಶ, ಚ, ಟ ಅಕ್ಷರಗಳು ಬಂದಾಗ ಅಲ್ಲಿಂದ ಚುರುಕಾದ ಸದ್ದು ಬರಬೇಕು. "ಸಾಕು" ಅನ್ನೋದು "ಆಕು" ಥರ ಕೇಳ್ತಿದ್ದರೆ ಟ್ವೀಟರ್ ಅಥವಾ ಅದರ ದಾರಿಯಲ್ಲಿರೋ ಕೆಪಾಸಿಟರ್ ಹೋಗಿದೆ. ದಪ್ಪ ದನಿಯ ವೂಫರ್ ಒಂದೇ ದುಡೀತಿರೋದರಿಂದ ಸದ್ದು ಇರುತ್ತೆ, ಆದರೆ ಹೊದಿಕೆಯೊಳಗಿಂದ ಮಾತಾಡಿದ ಹಾಗೆ. ಗಂಡಸರ ದನಿಗೆ ಮಾತ್ರ ಕರಕರ ಅಂತಿದ್ದರೆ ಕೋನ್ ಅಂಚಿನ ಫೋಮ್ ಬೆರಳಲ್ಲಿ ಮುಟ್ಟಿ ನೋಡಿ. ವರ್ಷಗಳಾದ ಮೇಲೆ ಅದು ಪುಡಿಪುಡಿಯಾಗುತ್ತೆ.

ಸ್ಪೀಕರ್ ಚೆನ್ನಾಗಿದ್ದರೆ ಮುಂದಿನ ಅನುಮಾನ ಅದನ್ನ ಇಟ್ಟಿರೋ ಜಾಗ. ಟಿವಿ ಶೋಕೇಸಿನ ಗೂಡಿನ ಆಳದಲ್ಲಿ ತುರುಕಿದರೆ ಗೂಡು ತಾನೇ ಗುಂಯ್‌ಗುಡುತ್ತೆ, ಮುಂದಿನ ಹಲಗೆಗೆ ಮಾತು ಬಡಿದು ಕಲಸಿಹೋಗುತ್ತೆ. ಹಲಗೆಯ ಅಂಚಿಗೆ, ಒಂದೆರಡು ಸೆಂಟಿಮೀಟರ್ ಹೊರಚಾಚೋ ಹಾಗೆ ಎಳೆದಿಡಿ. ಮೊಣಕಾಲ ಎತ್ತರದಲ್ಲಿದ್ದರೆ ಮುಂಭಾಗದ ಕೆಳಗೆ ರಬ್ಬರ್ ತುಂಡಿಟ್ಟು ಮುಖ ಕಿವಿಯತ್ತ ಎತ್ತಿ. ಖರ್ಚಿಲ್ಲದ ಈ ಕೆಲಸದಿಂದ ಆಗೋ ಬದಲಾವಣೆ ಎಷ್ಟೋ ಸಲ ಹೊಸ ಸ್ಪೀಕರ್‌ನಿಂದಲೂ ಆಗಲ್ಲ.

ಅಡ್ಡಕ್ಕೆ ಎರಡು ವೂಫರ್, ನಡುವೆ ಟ್ವೀಟರ್ ಇರೋ ಉದ್ದನೆಯ ಸೆಂಟರ್‌ಗಳಲ್ಲಿ ಒಂದು ಹುಟ್ಟುಗುಣ ಇದೆ. ನೇರ ಎದುರು ಕೂತವರಿಗೆ ಚೆನ್ನಾಗಿದ್ದು, ಪಕ್ಕಕ್ಕೆ ಕೂತವರಿಗೆ ಎರಡು ವೂಫರ್‌ಗಳ ಅಲೆಗಳು ಕೆಲವು ಸ್ವರಗಳಲ್ಲಿ ಒಂದನ್ನೊಂದು ತಿಂದುಹಾಕುತ್ತವೆ. ಪಕ್ಕದವರಿಗೂ ಮಾತು ಸಿಗಲಿ ಅಂತಲೇ ಸೆಂಟರ್ ಇಡೋದು, ವಿಚಿತ್ರ ನೋಡಿ. ಹೊಸದು ಕೊಳ್ಳುವವರು ಟ್ವೀಟರ್ ಕೆಳಗೇ ನಡುಸ್ವರಗಳಿಗೆಂದು ಸಣ್ಣ ಮಿಡ್‌ರೇಂಜ್ ಇರೋ ಮೂರು ದಾರಿಯ (ಥ್ರೀ-ವೇ) ವಿನ್ಯಾಸ ಹುಡುಕೋದು ಒಳ್ಳೇದು.

ಕ್ರಾಸ್‌ಓವರ್ ಅಂಕಿಯನ್ನೂ ನೋಡಿ; ಅದಕ್ಕಿಂತ ಕೆಳಗಿನ ಬೇಸ್ ಸಬ್‌ವೂಫರ್‌ಗೆ ಹೋಗುತ್ತೆ. ಅಂಗೈಯಷ್ಟು ಸೆಂಟರನ್ನ ಲಾರ್ಜ್ ಅಂತಲೋ 40 ಹರ್ಟ್ಸ್ ಅಂತಲೋ ಇಟ್ಟರೆ ಅದು ತನ್ನಿಂದಾಗದ ಬೇಸ್ ಎಳೆಯೋಕೆ ಹೋಗಿ ಒದ್ದಾಡುತ್ತೆ. ಸ್ಮಾಲ್ ಮಾಡಿ, ಬುಕ್‌ಶೆಲ್ಫ್ ಗಾತ್ರಕ್ಕೆ 80, ಪುಟ್ಟ ಸ್ಯಾಟಲೈಟ್‌ಗಳಿಗೆ 120-150 ಹರ್ಟ್ಸ್ ಸಾಕು. ಇದಾದ ಮೇಲೆ ಚಾನೆಲ್ ಲೆವೆಲ್‌ನಲ್ಲಿ ಸೆಂಟರ್ 2-3 ಡೆಸಿಬೆಲ್ ಏರಿಸಿ. ಸೆಂಟರ್ ಇರೋರ ಕೈಯಲ್ಲಿರೋ ದೊಡ್ಡ ಅಸ್ತ್ರ ಇದೇ: ಸಂಗೀತ ಮುಟ್ಟದೆ ಮಾತು ಮಾತ್ರ ಏರಿಸಬಹುದು. ಫ್ಯಾಂಟಮ್‌ನಲ್ಲಿ ಈ ಗುಂಡಿ ಇರಲ್ಲ. ಅವರು ನೈಟ್ ಮೋಡ್ ಅಥವಾ ಡೈನಾಮಿಕ್ ರೇಂಜ್ ಕಂಪ್ರೆಷನ್ ಆನ್ ಮಾಡಿ ಫೈಟ್‌ನ ಸದ್ದು ತಗ್ಗಿಸಿಕೊಳ್ಳಬೇಕು.

ಹಾಗಾದರೆ ಇಡೋದಾ, ಬಿಡೋದಾ

ಇಬ್ಬರೇ ನೋಡೋ ಮನೆ, 10-12 ಅಡಿಯ ಕೋಣೆ, ಚೆನ್ನಾಗಿರೋ ಎಡ-ಬಲ ಸ್ಪೀಕರ್ ಜೋಡಿ ಇದೆ ಅಂದರೆ ಸೆಂಟರ್‌ಗೆ ದುಡ್ಡು ಹಾಕಬೇಡಿ. ಯಾವುದೋ ಹಳೇ ಸೆಟ್‌ನ ಪುಟ್ಟ ಸೆಂಟರ್ ತಂದು ದೊಡ್ಡ ಟವರ್‌ಗಳ ನಡುವೆ ಇಟ್ಟರಂತೂ ಒಬ್ಬನೇ ನಟ ನಡೆದು ಹೋಗ್ತಾ ಮೂರು ದನಿಯಲ್ಲಿ ಮಾತಾಡ್ತಾನೆ. ಅದಕ್ಕಿಂತ ಫ್ಯಾಂಟಮ್ ಎಷ್ಟೋ ವಾಸಿ. ನಾಲ್ಕೈದು ಜನ ಉದ್ದ ಸೋಫಾ, ನೆಲ, ದಿವಾನ್ ಅಂತ ಹರಡಿ ಕೂತು ನೋಡೋ ಮನೆಗೆ ಮಾತ್ರ ಸೆಂಟರ್ ಬೇಕೇ ಬೇಕು, ಅದೂ ಎಡ-ಬಲದ ಜೊತೆಗಿನ ಅದೇ ಸರಣಿಯದು.

ಯಾವುದನ್ನ ಆರಿಸಿದರೂ ಕೊನೆಗೆ ಮೈಕ್ ಇಟ್ಟು ಆಟೋ ಕ್ಯಾಲಿಬ್ರೇಷನ್ ಇನ್ನೊಮ್ಮೆ ಓಡಿಸಿ. ಮುಗಿದ ಮೇಲೆ ಫಲಿತಾಂಶದ ಪುಟದಲ್ಲಿ ಸೆಂಟರ್ ಸಾಲು ಓದಿ: ನಿಮ್ಮ ಮನೆಯಲ್ಲಿ ಇದ್ದಂತೆಯೇ ಅಲ್ಲಿ ಇದೆ ಅಥವಾ ಇಲ್ಲ ಅಂತ ಬಂದಿದೆಯಾ, ದೂರ ಟೇಪ್ ಹಿಡಿದು ಅಳೆದಷ್ಟೇ ಇದೆಯಾ. ಆ ಸಾಲು ತಪ್ಪಿದ್ದರೆ ಮ್ಯಾನುಯಲ್‌ನಲ್ಲಿ ತಿದ್ದಿ ಸೇವ್ ಮಾಡಿ, ಟೆಸ್ಟ್ ಟೋನ್ ಮತ್ತೊಂದು ಸುತ್ತು ಹಾಕಿ ನೋಡಿ.